ಅಳಿಸಿದ ಯೋಜನೆಯನ್ನು ಮರಳಿ ತಂದ ಬಗೆ



ವೈದ್ಯರಿಗೆ ಗಣಕಯಂತ್ರದ ಮಾತೇಕೆಂದು ತಾವು ಕೇಳಬಹುದು. ನಮ್ಮ ಕೂಟದ ಹಿರಿಯರ ಆರೋಗ್ಯ ಶಿಬಿರಕ್ಕೆ ಮೂರು ದಿನಗಳಿರುವಾಗ ಅದರ ಯೋಜನಾಪಟ್ಟಿಯನ್ನು ಅಳಿಸಿದವರು ನಾವೇ! ಯಾರ ತಂದೆತಾಯಿಯರನ್ನು ಯಾರು ಕರೆತರಬೇಕು, ಯಾರಿಗೆ ಬರಿಹೊಟ್ಟೆಯ ರಕ್ತಪರೀಕ್ಷೆ, ಯಾರು ಇನ್ಸುಲಿನ್ ತೆಗೆದುಕೊಳ್ಳುವವರು, ಎಲ್ಲವೂ ಅದರಲ್ಲಿತ್ತು. ನಾವು ತೆಗೆದದ್ದು ಒಂದೇ ಸಾಲು. ಆದರೆ ಅದು ತಲೆಸಾಲು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ತಲೆಸಾಲನ್ನು ಅಳಿಸಿದರೆ ಅದರ ಕೆಳಗಿನ ಉಪಕಾರ್ಯಗಳೆಲ್ಲವೂ ಅದರೊಡನೆ ಹೋಗುತ್ತವೆ. ಸಾಲದೆಂಬಂತೆ ಕಡತವನ್ನು ಸೇವ್ ಮಾಡಿ ಮುಚ್ಚಿಯೂ ಬಿಟ್ಟೆವು. ಅಲ್ಲಿಗೆ ಅನ್‌ಡು ಗುಂಡಿಯ ಆಸರೆಯೂ ತಪ್ಪಿತು.

ಪುಣ್ಯಕ್ಕೆ ಕಡತವು ಒನ್‌ಡ್ರೈವ್‌ನಲ್ಲಿತ್ತು; ಹಿಂದಿನ ಸಂಜೆಯ ಪ್ರತಿ ದೊರಕಿತು. ಅದನ್ನು ಈಗಿನ ಕಡತದ ಮೇಲೆಯೇ ಹೇರುವ ಆತುರ ನಮಗೂ ಆಯಿತು. ಹಾಗೆ ಮಾಡಿದ್ದರೆ ಅಂದು ಬೆಳಗಿನಿಂದ ಇತರರು ತಿದ್ದಿದ್ದೆಲ್ಲವೂ ನಾಶವಾಗುತ್ತಿತ್ತು. ಆದುದರಿಂದ ಹಳೆಯ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಳಿಸಿಕೊಂಡು, ಕಳೆದುಹೋದ ಸಾಲುಗಳನ್ನಷ್ಟೇ ಅದರಿಂದ ಎತ್ತಿ ತಂದೆವು. ಇತರ ಕಾರ್ಯಗಳೊಡನೆ ಅವಕ್ಕಿದ್ದ ಕೊಂಡಿಗಳನ್ನು ಕೈಯಾರೆ ಮತ್ತೆ ಕಟ್ಟಿ, ದಿನಾಂಕಗಳನ್ನು ಒಂದೊಂದಾಗಿ ನೋಡಬೇಕಾಯಿತು. ಎರಡು ಗಂಟೆಗಳ ಕೆಲಸ.

ಇಂಥ ಪ್ರಮಾದ ನಮ್ಮಂಥ ಹವ್ಯಾಸಿಗಳಿಗೇ ಮೀಸಲಲ್ಲ. ಜಿರಾ ಎಂಬ ಯೋಜನಾ ನಿರ್ವಹಣೆಯ ತಂತ್ರಾಂಶವನ್ನು ಒದಗಿಸುವ ಆಸ್ಟ್ರೇಲಿಯದ ಅಟ್ಲಾಸಿಯನ್ ಸಂಸ್ಥೆಯಲ್ಲಿ 2022ರ ಏಪ್ರಿಲ್ 5ರಂದು ಹಳೆಯ ಉಪತಂತ್ರಾಂಶವೊಂದನ್ನು ತೆಗೆಯಹೊರಟವರ ಕೈಗೆ ಅದರ ಗುರುತುಸಂಖ್ಯೆಗಳ ಬದಲು ಗ್ರಾಹಕರ ಇಡೀ ತಾಣಗಳ ಗುರುತುಸಂಖ್ಯೆಗಳೇ ಬಂದಿದ್ದವು. ಅರ್ಧ ಗಂಟೆಯೊಳಗೆ 775 ಗ್ರಾಹಕರ ತಾಣಗಳು ಅಳಿದವು. ಅವುಗಳ ಪ್ರತಿಗಳಿದ್ದವು. ಆದರೆ ಸಾಮೂಹಿಕ ಪ್ರತಿಯನ್ನು ಇಡಿಯಾಗಿ ಹಿಂದಿರುಗಿಸಿದರೆ, ಬಾಧೆಗೊಳಗಾಗದೆ ಕೆಲಸ ಮುಂದುವರಿಸಿದ್ದ ಉಳಿದ ಗ್ರಾಹಕರ ಹೊಸ ಮಾಹಿತಿ ಹೋಗುತ್ತಿತ್ತು. ಬೇಕಾದುದನ್ನಷ್ಟೇ ಬಿಡಿಸಿ ತರಬೇಕಾಯಿತು. ಕೊನೆಯ ಗ್ರಾಹಕರಿಗೆ ತಮ್ಮ ತಾಣ ಮರಳಿ ಸಿಕ್ಕಾಗ ಏಪ್ರಿಲ್ 18 ಆಗಿತ್ತು.

ವೈದ್ಯರಾದ ನಮಗೆ ಇದರಲ್ಲಿ ತೀರ ಪರಿಚಿತವಾದ ಎರಡು ಸಂಗತಿಗಳು ಕಂಡವು. ರೋಗಿಯ ಕೈಪಟ್ಟಿಯ ಹೆಸರನ್ನೂ ಜನ್ಮದಿನಾಂಕವನ್ನೂ ತಾಳೆ ನೋಡದೆ ರಕ್ತ ಏರಿಸುವುದಿಲ್ಲ. ಅಳಿಸುವ ಕೈಗೆ ಅಂಥ ತಡೆ ಇರಲಿಲ್ಲ. ಎರಡನೆಯದು, ಕಾಗದದ ಕಾಲದಲ್ಲಿ ನಾವು ಕಲಿತ ಪಾಠ: ರೋಗಿಯ ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸಕೂಡದು, ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ ಹಾಕಬೇಕು, ಹಳೆಯದು ಓದುವಂತಿರಬೇಕು. ಮೊದಲು 'ಅಳಿಸಲಿರುವುದು' ಎಂದು ಗುರುತಿಸಿಟ್ಟು ಆಮೇಲೆ ತೆಗೆಯುವ ಕ್ರಮ ಆ ಸಂಸ್ಥೆಯಲ್ಲಿಯೂ ಇತ್ತು. ಅಂದು ನಡೆದದ್ದು ಶಾಶ್ವತವಾಗಿ ಅಳಿಸುವ ಕ್ರಮ.

ನಮ್ಮ ಪಟ್ಟಿಯಲ್ಲಿಯೂ ಒಂದು ಕೊರತೆ ಉಳಿಯಿತು. ಅಂದು ಬೆಳಿಗ್ಗೆ ನಾವು ಸೇರಿಸಿದ್ದ ಹಿರಿಯರೊಬ್ಬರ ಇನ್ಸುಲಿನ್ ವೇಳೆ ಯಾವ ಪ್ರತಿಯಲ್ಲಿಯೂ ಇರಲಿಲ್ಲ. ಸಂಕೋಚದಿಂದಲೇ ಮತ್ತೆ ದೂರವಾಣಿ ಮಾಡಿದೆವು. "ಬೆಳಿಗ್ಗೆ ತಾನೆ ಹೇಳಿದೆನಲ್ಲ ಡಾಕ್ಟರೇ, ಮರೆವಿಗೆ ನೀವೇನು ಮಾತ್ರೆ ತೆಗೆದುಕೊಳ್ಳುತ್ತೀರಿ?" ಎಂದರು ಆ ತಾಯಿ.