ಮಳೆ, ಬಿಸಿಲು ಮತ್ತು ನೆಲದ ಹೊದಿಕೆ

ರಾಜ್ಯ ರಾಜ್ಯಗಳಿಗೆ ಬೇರೆ ಬೇರೆ ಬಣ್ಣ ಬಳಿದ ಜಗತ್ತಿನ ಭೂಪಟವನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಭೂಮಿಯನ್ನು ವಿಂಗಡಿಸುವ ಕೆಲಸವನ್ನು ನಿಸರ್ಗಕ್ಕೇ ಬಿಟ್ಟರೆ ಗಡಿಗಳು ಎಲ್ಲಿ ಬಿದ್ದಾವು? ವ್ಲಾಡಿಮಿರ್ ಕೊಪೆನ್ ಎಂಬ ವಿಜ್ಞಾನಿಯ ಕಣ್ಣಿಗೆ ಇದರ ಉತ್ತರ ಎಳೆಯ ವಯಸ್ಸಿನಲ್ಲೇ ಬಿದ್ದಿತ್ತು. 1846ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಆತ ಓದಿದ್ದು ದೂರದ ದಕ್ಷಿಣದ ಕ್ರಿಮಿಯಾದಲ್ಲಿ. ಆ ದೀರ್ಘ ಪ್ರಯಾಣದಲ್ಲಿ ಚಳಿನಾಡಿನ ಕಾಡು ಹಿಂದೆ ಸರಿದು ಹುಲ್ಲಿನ ಬಯಲು ಎದುರಾಗುತ್ತಿತ್ತು. ಮುಂದೆ ಆತ ಸಸ್ಯವರ್ಗವನ್ನೇ ಆಧಾರವಾಗಿಟ್ಟುಕೊಂಡು ಜಗತ್ತಿನ ವಾಯುಗುಣವನ್ನು ವಿಂಗಡಿಸಿದರು.

ಉತ್ತರ ಧ್ರುವದ ಕಡೆಯಿಂದ ಇಳಿದು ಬರೋಣ. ಅತ್ಯಂತ ಬೆಚ್ಚಗಿನ ತಿಂಗಳಲ್ಲೂ ಸರಾಸರಿ ಉಷ್ಣಮಾನ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ಕಡೆ ಮರ ಬೆಳೆಯದು. ಅದೇ ತುಂಡ್ರಾ. ಅಲ್ಲಿ ಬೇಸಿಗೆಯಲ್ಲಿ ಮೇಲ್ಮಣ್ಣು ಮಾತ್ರ ಕರಗುತ್ತದೆ. ಪಾಚಿ, ಕಲ್ಲುಹೂ ಮೇಯುವ ಹಿಮಸಾರಂಗಗಳಿಗೆ ಅದೇ ಮನೆ. ಅದರ ದಕ್ಷಿಣಕ್ಕೆ ಟೈಗಾ ಎಂಬ ಸೂಚಿಪರ್ಣಿ ಕಾಡು. ಗೋಪುರದಂತಹ ಮರಗಳ ಇಳಿಜಾರು ಕೊಂಬೆಗಳಿಂದ ಹಿಮ ಜಾರಿಬೀಳುತ್ತದೆ. ಸಮಭಾಜಕ ವೃತ್ತದ ಬಳಿ, ಅಮೆಜಾನ್ ಮತ್ತು ಕಾಂಗೋ ನದಿಗಳ ಬಯಲಿನಲ್ಲಿ, ವರ್ಷವಿಡೀ ಸೆಕೆ, ವರ್ಷದ ಬಹುಭಾಗ ಮಳೆ. ಅಲ್ಲಿನ ಪ್ರಾಣಿಗಳಲ್ಲಿ ಬಹಳಷ್ಟು ಮರದ ತುದಿಯಲ್ಲೇ ಬಾಳುತ್ತವೆ. ವರ್ಷಕ್ಕೆ 25 ಸೆಂಟಿಮೀಟರಿಗಿಂತ ಕಡಮೆ ಮಳೆ ಬೀಳುವ ಕಡೆ ಮರುಭೂಮಿ.

ಈ ಎರಡರ ನಡುವೆ, ಮಳೆ ಕೆಲವು ತಿಂಗಳು ಬಂದು ಉಳಿದ ತಿಂಗಳು ಬಾರದಿರುವ ಕಡೆಗಳಲ್ಲಿ, ಹುಲ್ಲುಗಾವಲುಗಳಿವೆ. ಇವುಗಳ ವಿಷಯವನ್ನೇ ಮುಖ್ಯವಾಗಿ ಹೇಳಬೇಕಾಗಿದೆ. ಏಕೆಂದರೆ ನಮಗೆ ಕಾಡಿನ ಮೇಲೆ ಇರುವ ಗೌರವ ಹುಲ್ಲಿನ ಮೇಲೆ ಇಲ್ಲ. ಹುಲ್ಲುಗಾವಲೆಂದರೆ ಕಾಡಾಗಲು ಹೊರಟು ಸೋತ ನೆಲವೆಂದು ಅನೇಕರ ಭಾವನೆ. ವಾಸ್ತವವಾಗಿ ಒಣಹವೆ, ಬೆಂಕಿ, ಮೇಯುವ ಮೃಗ ಈ ಮೂರನ್ನೂ ತಾಳಿ ಮತ್ತೆ ಚಿಗುರುವುದು ಹುಲ್ಲಿನ ವಿಶೇಷ ಶಕ್ತಿ. ಅದರ ಸಂಪತ್ತು ನೆಲದ ಕೆಳಗಿದೆ. ಆಫ್ರಿಕದ ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡೆಬೀಸ್ಟ್ ಮೃಗಗಳು ಮಳೆಯ ಹಿಂದೆ ಅಲೆದು ಹೊಟ್ಟೆ ತುಂಬಿಸಿಕೊಳ್ಳುವುದು ಹುಲ್ಲಿನಿಂದಲೇ.

ಇದನ್ನು ಅರಿಯದೆ ಹೋದರೆ ಏನಾಗುವುದೆಂದು ಅಮೆರಿಕದ ಪ್ರೇರಿ ಬಯಲು ತೋರಿಸಿಕೊಟ್ಟಿದೆ. ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಎಂದರೆ ಬೈಸನ್, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ನೂರಕ್ಕೆ ಇಳಿದವು. ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲನ್ನು ನೇಗಿಲು ಕಿತ್ತುಹಾಕಿತು. 1930ರ ದಶಕದಲ್ಲಿ ಬರಗಾಲ ಬಂದಾಗ ಆ ಮಣ್ಣೇ ಧೂಳಾಗಿ ಆಕಾಶಕ್ಕೆದ್ದಿತು. ಲಕ್ಷಾಂತರ ಜನ ಊರು ಬಿಟ್ಟರು.

ಇದು ನಮಗೂ ಸಂಬಂಧಿಸಿದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 700 ಸೆಂಟಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ನೇರ ಲೆಕ್ಕದಲ್ಲಿ ಇನ್ನೂರು ಕಿಲೋಮೀಟರಿನೊಳಗಿರುವ ಚಿತ್ರದುರ್ಗದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆದುದರಿಂದ ಘಟ್ಟದ ಮೇಲಿನ ಕಾಡಿನಿಂದ ಹೊರಟವನು ಒಂದೇ ದಿನದಲ್ಲಿ ಕುರುಚಲು ಮತ್ತು ಹುಲ್ಲಿನ ಬಯಲನ್ನು ಮುಟ್ಟುತ್ತಾನೆ. ಈ ಬಯಲುಸೀಮೆ ಕೃಷ್ಣಮೃಗದ ನಾಡು, ತೋಳನ ನಾಡು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲು ಎರ್ಲಡ್ಡು ಹಕ್ಕಿಯ ನೆಲೆ. ಬರಿನೆಲದ ಮೇಲೆ ಒಂದೇ ಮೊಟ್ಟೆಯಿಡುವ ಈ ಭಾರಿ ಹಕ್ಕಿ ಇಂದು ಅಳಿವಿನ ಅಂಚಿನಲ್ಲಿದೆ. ಭಾರತದ ಸಿವಂಗಿ, ಎಂದರೆ ಚೀತಾ, ಅಳಿದುಹೋಯಿತೆಂದು 1952ರಲ್ಲೇ ಸಾರಲಾಯಿತು. 2022ರಲ್ಲಿ ಆಫ್ರಿಕದಿಂದ ಅದನ್ನು ಮಧ್ಯಪ್ರದೇಶದ ಕೂನೋಗೆ ತರಬೇಕಾಯಿತು.

ಇಂಥ ಬಯಲನ್ನು ಪಾಳುಭೂಮಿ ಎಂದು ಕರೆದರೆ ಅಲ್ಲಿ ಏನು ಮಾಡಿದರೂ ಲಾಭವೇ ಎಂದು ತೋರುತ್ತದೆ. ಒಳ್ಳೆಯ ಮನಸ್ಸಿನಿಂದ ನೆಟ್ಟ ನೀಲಗಿರಿಯ ತೋಪು ಕೂಡ ಅಲ್ಲಿ ಹುಲ್ಲಿಗೆ ನೆರಳಾಗಿ, ದೂರದ ಶತ್ರುವನ್ನು ಕಂಡು ಬದುಕುವ ಮೃಗಪಕ್ಷಿಗಳಿಗೆ ಮರೆಯಾಗಿ, ಕುರುಬನ ಮಂದೆಗೆ ಮೇವಿಲ್ಲದಂತೆ ಮಾಡಬಹುದು. ಮರ ನೆಡಬಾರದೆಂದಲ್ಲ, ಕಾಡು ಕಡಿದ ಕಡೆ ಕಾಡನ್ನೇ ಮತ್ತೆ ಬೆಳೆಸಬೇಕು. ಹುಲ್ಲು ಇರುವ ಕಡೆ ಹುಲ್ಲನ್ನು ಉಳಿಸಬೇಕು. ನಿಮ್ಮ ಊರಿನ ಗೋಮಾಳದಲ್ಲಿ ಗಿಡ ನೆಡುವ ಮಾತು ಬಂದಾಗ, ಆ ನೆಲಕ್ಕೆ ಎಷ್ಟು ಮಳೆ ಬೀಳುತ್ತದೆ, ಈಗ ಅಲ್ಲಿ ಯಾರು ಯಾರು ಬದುಕಿದ್ದಾರೆ ಎಂದು ಮೊದಲು ವಿಚಾರಿಸಿ ನೋಡಿ.