ಬೆಚ್ಚಗಿನ ಚೀಲ

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ತರಗತಿಯಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಸಿಕ್ಕಿತು: ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳಿಗೆ ಅಗ್ಗದ ಇನ್‌ಕ್ಯುಬೇಟರ್ ಮಾಡುವುದು. ನೇಪಾಳಕ್ಕೆ ಹೋಗಿ ನೋಡಿದರೆ, ಕಠ್ಮಂಡುವಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಖಾಲಿ ಇದ್ದವು. ಕೂಸುಗಳು ಹುಟ್ಟುತ್ತಿದ್ದುದು ದೂರದ ಹಳ್ಳಿಗಳಲ್ಲಿ. ಅವು ಪಟ್ಟಣ ಮುಟ್ಟುತ್ತಲೇ ಇರಲಿಲ್ಲ. ಅಗ್ಗದ ಯಂತ್ರದಿಂದ ಆ ತಾಯಂದಿರಿಗೆ ಏನು ಬಂತು?

ಹಾಗೆ ರೂಪುಗೊಂಡದ್ದು ಎಂಬ್ರೇಸ್ ಎಂಬ ಪುಟ್ಟ ಮಲಗುವ ಚೀಲ. ಒಳಗೆ ಮೇಣದಂಥ ವಸ್ತುವಿನ ಪೊಟ್ಟಣ. ಒಮ್ಮೆ ಕಾಯಿಸಿ ಕರಗಿಸಿದರೆ, ಮೆಲ್ಲಗೆ ಗಟ್ಟಿಯಾಗುತ್ತಾ ಸುಮಾರು 4 ಗಂಟೆ 37 ಡಿಗ್ರಿ ಶಾಖ ಕೊಡುತ್ತದೆ. ತಂಡ ಬೆಂಗಳೂರಿಗೇ ಬಂದು ಕೆಲಸ ಮುಂದುವರಿಸಿತು.

ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಸಂಗತಿಯ ಮೇಲೆ. ಇಂಗ್ಲಿಷ್ ಔಷಧಿ ಬಲು ಜೋರು, ಡಾಕ್ಟರು 37 ಎಂದರೆ ನಾನು 30ಕ್ಕೇ ಇಡುತ್ತೇನೆ ಎಂದು ನಮ್ಮ ದೇಶದ ಹಳ್ಳಿಯ ತಾಯಿಯೊಬ್ಬಳು ಹೇಳಿದಳಂತೆ. ಅದು ಅಜ್ಞಾನವಲ್ಲ, ಮಗುವಿನ ಮೇಲಿನ ಕಾಳಜಿ. ತಂಡ ಅವಳನ್ನು ತಿದ್ದಲು ಹೋಗದೆ ಚೀಲದಲ್ಲಿ ಶಾಖ ತೋರಿಸುವ ಅಂಕಿಗಳನ್ನೇ ತೆಗೆದುಹಾಕಿತು. ಶಾಖ ಸರಿಯಿದೆ, ಸರಿಯಿಲ್ಲ ಎಂದಷ್ಟೇ ತೋರಿಸುವ ಗುರುತು ಇಟ್ಟಿತು. ಈ ವಿನಯ ನನಗೆ ಆ ಮೇಣಕ್ಕಿಂತಲೂ ದೊಡ್ಡ ಶೋಧವಾಗಿ ಕಾಣುತ್ತದೆ. ಮುಂದೆ ಆ ಚೀಲ ಹಲವು ದೇಶಗಳ ಶಿಶುಗಳನ್ನು ಬೆಚ್ಚಗಿಟ್ಟಿತು.