ಮಳೆಗಾಲಕ್ಕೊಂದು ವಾಹನ

ಹಳೆಯ ಕಾರು ಸಾಕುವವರಲ್ಲಿ ಎರಡು ಬಗೆ. ಕೊಂಚ ಸದ್ದು ಕೇಳಿದರೂ ಗಾಡಿಯನ್ನು ವರ್ಕ್‌ಶಾಪಿಗೆ ಅಟ್ಟಿ, ಬಿಲ್ಲು ಬಂದಾಗ ಹಣೆ ಚಚ್ಚಿಕೊಳ್ಳುವವರು ಒಂದು ಬಗೆ. ಭಾನುವಾರದ ಕಾಫಿ ಮುಗಿಯುತ್ತಲೇ ಹಳೆಯ ಪಂಚೆ ಸುತ್ತಿಕೊಂಡು, ಸ್ಪ್ಯಾನರುಗಳ ಡಬ್ಬ ಹಿಡಿದು, ಬಾನೆಟ್ಟಿನೊಳಗೆ ತಲೆ ತೂರಿಸುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿನವನು. ನಿಮ್ಮಲ್ಲಿಯೂ ಆ ಗುಂಪಿನವರು ಇದ್ದೀರೆಂದು ಬಲ್ಲೆ. ಈ ಮಾತುಗಳು ಮುಖ್ಯವಾಗಿ ಅವರಿಗೂ, ಅವರ ಮನೆಯವರಿಗೂ.

ನನ್ನದು 1986ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ವಂಶದಲ್ಲಿ ಹುಟ್ಟಿ, ಬೊಂಬಾಯಿಯ ಕುರ್ಲಾದಲ್ಲಿ ಬೆಳೆದ ಗಾಡಿ. ಬೊಂಬಾಯಿಯ ಕಪ್ಪು ಹಳದಿ ಟ್ಯಾಕ್ಸಿಗಳಾಗಿ ದಶಕಗಟ್ಟಲೆ ದುಡಿದ ಇದರ ಒಡಹುಟ್ಟುಗಳು 2023ರ ಅಕ್ಟೋಬರ್ ಕೊನೆಗೆ ಅಲ್ಲಿನ ಬೀದಿಯಿಂದ ನಿವೃತ್ತವಾದುವು. ನಮ್ಮ ಮನೆಯದು ಮಾತ್ರ ತೀರ್ಥಹಳ್ಳಿಯ ಕಡೆಯ ನಮ್ಮ ಕೊಟ್ಟಿಗೆಯ ಮಗ್ಗುಲಲ್ಲಿ ಇನ್ನೂ ಉಸಿರಾಡುತ್ತಿದೆ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷದ್ದು. ಆಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದನ್ನು ತಪ್ಪದೆ ಮಾಡಿಸಿಕೊಂಡು ಬಂದಿದ್ದೇನೆ.

ಇಂಥ ಗಾಡಿಯ ದೊಡ್ಡ ಗುಣವೆಂದರೆ ಅದು ತನ್ನ ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಮಳೆಗಾಲದ ಬೆಳಿಗ್ಗೆ ಅದು ಸ್ಟಾರ್ಟ್ ಆಗದಿದ್ದರೆ ಹತ್ತಕ್ಕೆ ಏಳು ಸಲ ಕಾರಣ ತೇವ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿ ಒರೆಸಿ ಮತ್ತೆ ಅದದರ ಜಾಗಕ್ಕೇ ಸಿಕ್ಕಿಸಿ. ನಾಲ್ಕನ್ನೂ ಒಮ್ಮೆಗೇ ಕಿತ್ತರೆ ಯಾವುದು ಎಲ್ಲಿಯದೆಂಬ ಜಿಜ್ಞಾಸೆಯಲ್ಲಿಯೇ ಮಧ್ಯಾಹ್ನವಾದೀತು. ಇದು ಅನುಭವದ ಮಾತು. ಕಾಂಟ್ಯಾಕ್ಟ್ ಪಾಯಿಂಟುಗಳ ನಡುವಣ ಸಂದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಕಣ್ಣಳತೆ ಸಾಲದು, ಫೀಲರ್ ಗೇಜು ಬೇಕು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ಹೊಯ್ಯಬೇಡಿ, ನಮ್ಮ ಬಾವಿಯ ನೀರು ಎಷ್ಟೇ ಸಿಹಿಯಾಗಿರಲಿ. ಟರ್ಮಿನಲ್ಲುಗಳ ಮೇಲೆ ಬೆಳೆಯುವ ಬಿಳಿಯ ಬೂಷ್ಟನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನು ಸವರಿ. ಬಾಗಿಲುಗಳ ಅಡಿಯಂಚಿನಲ್ಲಿ ನೀರಿಳಿಯುವ ಸಣ್ಣ ತೂತುಗಳುಂಟು. ತೆಂಗಿನ ಗರಿಯ ಕಡ್ಡಿಯಿಂದ ಅವನ್ನು ಬಿಡಿಸಿ. ಅವು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು: ಜಾಕಿ ಒಂದನ್ನೇ ನಂಬಿ ಗಾಡಿಯ ಅಡಿಗೆ ನುಗ್ಗಬೇಡಿ. ದಪ್ಪ ಮರದ ತುಂಡುಗಳನ್ನು ಆನಿಸದೆ ನಾನು ಒಂದು ಕೈಯನ್ನೂ ಒಳಗೆ ಚಾಚುವುದಿಲ್ಲ.

ಇಷ್ಟನ್ನು ಯಾರೂ ಮಾಡಬಹುದು. ಇದು ಬಂದ ಮೇಲೆ ತನಗೆ ಎಲ್ಲವೂ ಬಂದಿತೆಂದು ಅನಿಸತೊಡಗುತ್ತದೆ. ತೊಂದರೆ ಹುಟ್ಟುವುದು ಅಲ್ಲಿ.

2022ರ ಮೇ ತಿಂಗಳಲ್ಲಿ ಹಿಂದಿನ ಎಡಗಾಲಿಯ ಬ್ರೇಕು ಸೋರತೊಡಗಿತು. ಸೀಲುಗಳನ್ನು ತರಿಸಿ ನಾನೇ ಹಾಕಿದೆ; ಕೆಲಸ ಚೊಕ್ಕಟವಾಗಿಯೇ ಆಯಿತು. ಬ್ರೇಕಿನ ಎಣ್ಣೆ ಮಾತ್ರ ಹೊಸದನ್ನು ತರಲಿಲ್ಲ. ಎರಡು ವರ್ಷದ ಹಿಂದೆ ಒಡೆದ ಡಬ್ಬದಲ್ಲಿ ಅರ್ಧದಷ್ಟು ಉಳಿದಿತ್ತು. ಎಣ್ಣೆ ತಾನೆ, ಕೆಡುವುದೆಲ್ಲಿಂದ ಎಂದುಕೊಂಡು ಅದನ್ನೇ ಹೊಯ್ದೆ. ವಾರ ಕಳೆದು, ಉಡುಪಿಯಲ್ಲಿದ್ದ ನನ್ನ ಷಡ್ಡಕರ ಮನೆಯ ಉಪನಯನಕ್ಕೆಂದು ಹೊರಟೆವು. ಮುಂದೆ ನಾನು, ಮಗ್ಗುಲಲ್ಲಿ ನನ್ನಾಕೆ, ಹಿಂದೆ ಸೊಸೆ ಮತ್ತು ಅವಳ ತೊಡೆಯ ಮೇಲೆ ಹತ್ತು ತಿಂಗಳ ಮೊಮ್ಮಗು.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನೀವು ನೋಡಿರಬಹುದು. ಅರ್ಧ ಇಳಿಯುವಷ್ಟರಲ್ಲಿ ಬ್ರೇಕಿನ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿಗೆ ಒತ್ತಿದಾಗ ನೆಲಕ್ಕೇ ಹೋಗಿ ಕುಳಿತಿತು. ಆ ಕ್ಷಣದಲ್ಲಿ ಬಾಯಿಂದ ಮಾತು ಹೊರಡಲಿಲ್ಲ. ಗಾಡಿ ಎರಡನೆಯ ಗೇರಿನಲ್ಲಿದ್ದುದು ಪುಣ್ಯ. ಹ್ಯಾಂಡ್ ಬ್ರೇಕಿಗೆ ಎಣ್ಣೆಯ ಹಂಗಿಲ್ಲ, ಅದು ತಂತಿಯಿಂದ ಎಳೆಯುವುದು. ಅದನ್ನು ಸ್ವಲ್ಪಸ್ವಲ್ಪವಾಗಿ ಎಳೆಯುತ್ತ, ಗಾಡಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ಉಜ್ಜಿ ನಿಲ್ಲಿಸಿದೆ. ಬಂಪರು ಸೊಟ್ಟಗಾಯಿತು. ಮಗು ಎಚ್ಚರವಾಗಿ ಅತ್ತಿತು. ಅಷ್ಟೆ.

ಮುಕ್ಕಾಲು ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲು ಏನೂ ಆಗದವರಂತೆ ಗಟ್ಟಿಯಾಗಿ ನಿಂತಿತ್ತು. ಕಾರಣವನ್ನು ಕೇಳಿ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಉಪ್ಪಿನ ಹಾಗೆ ಹೀರುತ್ತದೆ. ಡಬ್ಬದ ಮೇಲೆ ಡಾಟ್ 3 ಎಂದು ಬರೆದ ಎಣ್ಣೆ ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯಬಹುದು. ಘಾಟಿಯುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟು ಇಳಿದರೆ ಡ್ರಮ್ಮುಗಳು ಕಾಯುತ್ತವೆ, ಎಣ್ಣೆಯಲ್ಲಿರುವ ನೀರು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಒತ್ತಡ ಗಾಲಿಯವರೆಗೆ ಸಾಗುತ್ತದೆ. ಆವಿಯನ್ನು ಒತ್ತಿದರೆ ಅದು ಸುಮ್ಮನೆ ಮುದುಡಿಕೊಳ್ಳುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗಿ, ಬ್ರೇಕು ಸರಿಹೋದಂತೆ ತೋರುತ್ತದೆ. ಒಂದು ಡಬ್ಬ ಎಣ್ಣೆಯ ಬೆಲೆ ಉಳಿಸಹೋಗಿ ನಾಲ್ಕು ಜೀವಗಳನ್ನು ಪಣಕ್ಕೊಡ್ಡಿದ್ದೆ. ಒಡೆದ ಡಬ್ಬವನ್ನು ಮತ್ತೆ ಬಳಸಬೇಡಿ; ಗಾಡಿಯೊಳಗಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯಿರಿ.

ಮನೆಗೆ ಬಂದ ಮೇಲೆ ನನ್ನಾಕೆ ಹೆಚ್ಚು ಮಾತಾಡಲಿಲ್ಲ. "ರೀ, ಇದನ್ನು ಮಾರಿ ಅಂತ ನಾನು ಹೇಳೋದಿಲ್ಲ. ಆದರೆ ಮಳೆಗಾಲದಲ್ಲಿ ಮಗೂನ ಇದರಲ್ಲಿ ಕೂರಿಸೋದಿಲ್ಲ" ಎಂದಳು. ವಾದಕ್ಕೆ ಎಡೆಯೇ ಇರಲಿಲ್ಲ. ಹೀಗೆ ಮಳೆಗಾಲಕ್ಕೊಂದು ವಾಹನ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು.

ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕದೆ ಕಾರು ಓಡಿಸುವಂತಿಲ್ಲ, ಕಾಯಿದೆಯೇ ಉಂಟು. ಸಾಧಾರಣ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಡುಸಾಗತೊಡಗಿ ಹಿಡಿತ ಕಳೆದುಕೊಳ್ಳುತ್ತದಂತೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಅಡಿಭಾಗವನ್ನು ತಿನ್ನುವುದರಿಂದ, ಒಳ್ಳೆಯ ಕಾರನ್ನು ಚಳಿಗಾಲದಲ್ಲಿ ಮನೆಯೊಳಗಿಟ್ಟು, ಆ ನಾಲ್ಕು ತಿಂಗಳಿಗೆಂದೇ ಅಗ್ಗದ ಹಳೆಯ ಗಾಡಿಯೊಂದನ್ನು ಇಟ್ಟುಕೊಳ್ಳುವವರೂ ಆ ಕಡೆ ಇದ್ದಾರೆ. ನಮ್ಮದು ತದ್ವಿರುದ್ಧ: ಹಳೆಯದಕ್ಕೆ ವಿಶ್ರಾಂತಿ, ಮಳೆಗೆ ಹೊಸದು.

ಜೀಪು ಕೊಳ್ಳಿ ಎಂದರು ನೆರೆಯವರು. ನಾಲ್ಕು ಗಾಲಿಯೂ ಎಳೆಯುವ ಗಾಡಿ ತೋಟದ ಕೆಸರು ದಾರಿಗೆ ನಿಜವಾಗಿಯೂ ಬೇಕು. ಆದರೆ ಅದು ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಒದ್ದೆ ಟಾರಿನ ಮೇಲೆ ನಿಲ್ಲಿಸುವುದು ಟೈರು ಮತ್ತು ಬ್ರೇಕು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಿಯಮ. ಮಲೆನಾಡಿನ ಮಳೆಗೆ ನಾನು 3ಕ್ಕೇ ಬದಲಿಸುತ್ತೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಾದ ವರ್ಷ ನೋಡಿ: 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಯಿತು. ಜೋರಾಗಿ ಬ್ರೇಕು ಒತ್ತಿದಾಗ ಗಾಲಿಗಳು ಬಿಗಿದು ಜಾರದಂತೆ, ಸ್ಟಿಯರಿಂಗು ಕೈಯಲ್ಲೇ ಉಳಿಯುವಂತೆ ಅದು ನೋಡಿಕೊಳ್ಳುತ್ತದೆ. ನೆಲದಿಂದ ಗಾಡಿಯ ಎತ್ತರವನ್ನು ಕಾಗದದಲ್ಲಿ ಓದಿ ನಂಬಬೇಡಿ; ಮನೆಯವರನ್ನೆಲ್ಲ ಕೂರಿಸಿ, ನಿಮ್ಮ ಬೀದಿಯ ಉಬ್ಬಿನ ಮೇಲೆ ಹಾಯಿಸಿ ನೋಡಿ. ಹಿಂದಿನ ಗಾಜಿಗೂ ವೈಪರಿದ್ದರೆ ಲೇಸು. ಏರ್ ಕಂಡಿಷನರು ಮಳೆಗಾಲದಲ್ಲಿ ಐಷಾರಾಮವಲ್ಲ, ಗಾಜಿನ ಒಳಮಂಜನ್ನು ಅಷ್ಟು ಬೇಗ ಬಿಡಿಸುವುದು ಬೇರೊಂದಿಲ್ಲ.

ಪ್ರವಾಹದಲ್ಲಿ ಮುಳುಗೆದ್ದ ಕಾರುಗಳ ಬಗ್ಗೆ ಎಚ್ಚರ. 2015ರಲ್ಲಿ ಚೆನ್ನೈ, 2022ರಲ್ಲಿ ಬೆಂಗಳೂರು ಕಂಡ ನೆರೆಯನ್ನು ನೆನೆಯಿರಿ. ಅಂಥ ಗಾಡಿಗಳು ತೊಳೆದು ಹೊಳಪಿಟ್ಟುಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಕಾರ್ಪೆಟ್ಟು ಎತ್ತಿ ಮೂಸಿ. ಇನ್ನೊಂದು ಉಪಾಯ, ಮಳೆ ಸುರಿಯುವ ದಿನವೇ ನೋಡಲು ಹೋಗುವುದು. ಸೋರುವ ಗಾಡಿ ಅಂದು ತಾನೇ ಹೇಳುತ್ತದೆ. ಕೊಳ್ಳುವವರ ನೂಕುನುಗ್ಗಲೂ ಇರುವುದಿಲ್ಲ. ಯಾವ ಗಾಡಿಯೇ ಆಗಲಿ ನೀರಿನ ನಡುವೆ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಅದು ಕುಗ್ಗುವುದಿಲ್ಲ, ಒಳಗಿನ ಸಲಾಕೆಯೇ ಬಾಗುತ್ತದೆ. ತಳ್ಳಿ ದಡ ಸೇರಿಸಿ.

ಕೊನೆಗೆ ಶಿವಮೊಗ್ಗದಲ್ಲಿ 2020ರಲ್ಲಿ ತಯಾರಾದ ಸಾಧಾರಣ ಕಾರೊಂದು ಸಿಕ್ಕಿತು. ಅದರ ಬಾನೆಟ್ಟು ಎತ್ತಿದರೆ ನನಗೆ ನೀರಿನ ಡಬ್ಬಿಯೂ ಎಣ್ಣೆಯ ಕಡ್ಡಿಯೂ ಬಿಟ್ಟು ಬೇರೇನೂ ಗುರುತು ಸಿಗುವುದಿಲ್ಲ. ಸದ್ದು ಬಂದರೆ ಮೆಕ್ಯಾನಿಕ್ಕಿಗೇ ಒಪ್ಪಿಸುತ್ತೇನೆ. ಪದ್ಮಿನಿ ಮೃಗಶಿರಾ ಮಳೆಗೆ ಮುಂಚೆ ಷೆಡ್ಡು ಸೇರುತ್ತದೆ. ಟ್ಯಾಂಕು ತುಂಬಿಸಿ ಒಳಗೆ ತೇವ ಕಟ್ಟದಂತೆ ಮಾಡುತ್ತೇನೆ, ಬ್ಯಾಟರಿಯ ವೈರು ಕಳಚಿಡುತ್ತೇನೆ, ಹ್ಯಾಂಡ್ ಬ್ರೇಕು ಎಳೆಯದೆ ಗಾಲಿಗೆ ಕಲ್ಲು ಕೊಡುತ್ತೇನೆ. ಎಳೆದಿಟ್ಟರೆ ಲೈನರು ಡ್ರಮ್ಮಿಗೆ ಅಂಟಿಕೊಂಡೀತು. ಹೊಳವಾದ ದಿನ ಬಾಗಿಲು ತೆಗೆದು ಮ್ಯಾಟುಗಳನ್ನು ಬಿಸಿಲಿಗೆ ಹರವುತ್ತೇನೆ. ಮೊಮ್ಮಗು ಈಗ ನಡೆಯುತ್ತದೆ. ಸ್ಪ್ಯಾನರಿನ ಡಬ್ಬ ತೆಗೆದ ಸದ್ದಿಗೆ ಅಂಗಳಕ್ಕೆ ಓಡಿಬರುತ್ತದೆ.